ಮಾನವಸೇವಾ ವೃತ್ತಿ ಮತ್ತು ಉಪವಿಷಯದ ಆಯ್ಕೆ

ಪದವಿಪೂರ್ವ ಪರೀಕ್ಷೆಯ ಫಲಿತಾಂಶ ಪ್ರಕಟವಾದ ಮೇಲೆ ಕಾಲೇಜುಗಳ ಕಚೇರಿಯ ಮುಂದೆ ನೆರೆಯುವ ತರುಣ ತರುಣಿಯರ ಕೈಯಲ್ಲಿ ಪ್ರವೇಶದ ಅರ್ಜಿಯೊಂದು ಇರುತ್ತದೆ. ಅದರಲ್ಲಿ ಪ್ರಧಾನ ವಿಷಯಕ್ಕೆ ಒಂದು ಅಂಕಣ, ಜೊತೆಯ ವಿಷಯಕ್ಕೆ ಇನ್ನೊಂದು ಅಂಕಣ. ಮೊದಲನೆಯದನ್ನು ತುಂಬುವ ಮುನ್ನ ಮನೆಯಲ್ಲಿ ಸಮಾಲೋಚನೆ ನಡೆದಿರುತ್ತದೆ. ಗುರುಗಳ ಸಲಹೆ, ಬಂಧುಗಳ ಅಭಿಪ್ರಾಯ, ಹಣದ ಅನುಕೂಲ ಎಲ್ಲವೂ ವಿಚಾರಕ್ಕೆ ಬಂದಿರುತ್ತವೆ. ಎರಡನೆಯದನ್ನು ಕಿಟಕಿಯ ಬಳಿ ನಿಂತು, ಪಕ್ಕದವನ ಅರ್ಜಿಯನ್ನು ನೋಡಿಕೊಂಡು, ಕಡ ತಂದ ಲೇಖನಿಯಿಂದ ಗೀಚಿ ಮುಗಿಸುವುದೇ ವಾಡಿಕೆ. ಬೇರೆ ವೃತ್ತಿಗಳಲ್ಲಿ ಈ ಅಲಕ್ಷ್ಯದಿಂದ ಆಗುವ ಹಾನಿ ಅಷ್ಟು ದೊಡ್ಡದಾಗಿರಲಾರದು. ಆದರೆ ಮಾನವಸೇವೆಯನ್ನೇ ವೃತ್ತಿಯಾಗಿ ಕೈಗೊಳ್ಳಬಯಸುವ ವಿದ್ಯಾರ್ಥಿಯ ವಿಷಯದಲ್ಲಿ ಹಾನಿಯನ್ನು ಅನುಭವಿಸುವವನು ಆ ವಿದ್ಯಾರ್ಥಿಯೊಬ್ಬನೇ ಅಲ್ಲ. ಮುಂದೆ ಅವನ ಮುಂದೆ ಕೈಮುಗಿದು ನಿಲ್ಲುವ ದುರ್ಬಲನೂ ಅದರ ಭಾಗಿಯಾಗುತ್ತಾನೆ. ಆದುದರಿಂದ ಈ ಎರಡನೆಯ ಅಂಕಣದ ಬಗೆಗೆ ಕೊಂಚ ವಿಸ್ತಾರವಾಗಿ ವಿಚಾರ ಮಾಡುವುದು ಅಪ್ರಸ್ತುತವಾಗಲಾರದು.

೧. ಪದಗಳ ವಿಚಾರ

‘ಸೇವೆ’ ಎಂಬುದು ಸಂಸ್ಕೃತದ ‘ಸೇವ್’ ಧಾತುವಿನಿಂದ ಬಂದ ಪದ. ಸಮೀಪದಲ್ಲಿರುವುದು, ಆಶ್ರಯಿಸುವುದು, ಉಪಚರಿಸುವುದು ಎಂಬ ಅರ್ಥಗಳು ಆ ಧಾತುವಿನಲ್ಲಿ ಅಡಗಿವೆ. ದೂರದಲ್ಲಿ ನಿಂತು ಕೊಡುವುದು ದಾನವಾಗಬಹುದು. ಹತ್ತಿರ ಬಂದು ನಿಲ್ಲದೆ ಸೇವೆ ಆಗದು. ಅನಾಥ ಮಕ್ಕಳು, ಅಂಗವಿಕಲರು, ಮನೋರೋಗಿಗಳು, ನಿರಾಶ್ರಿತ ವೃದ್ಧರು, ದೌರ್ಜನ್ಯಕ್ಕೆ ಒಳಗಾದ ಸ್ತ್ರೀಯರು, ಕೆಲಸ ಕಳೆದುಕೊಂಡ ಕಾರ್ಮಿಕರು, ಶಿಕ್ಷೆ ಮುಗಿಸಿ ಹೊರಬಂದವರು ಇಂಥವರ ಸಮೀಪದಲ್ಲಿದ್ದು, ಅವರು ತಮ್ಮ ಕಾಲಮೇಲೆ ತಾವು ನಿಲ್ಲುವಂತೆ ನೆರವಾಗುವ ಎಲ್ಲ ಉದ್ಯೋಗಗಳನ್ನೂ ಸೇರಿಸಿ ಮಾನವಸೇವಾ ವೃತ್ತಿಗಳೆನ್ನಬಹುದು.

‘ಮೈನರ್’ ಎಂದು ಕಾಲೇಜುಗಳಲ್ಲಿ ಕರೆಯುವ ಜೊತೆಯ ವಿಷಯವನ್ನು ಕನ್ನಡದಲ್ಲಿ ಉಪವಿಷಯವೆನ್ನುವುದು ಯುಕ್ತ. ‘ಉಪ’ ಎಂದೊಡನೆ ಕೀಳು ಎಂಬ ಭಾವನೆ ಬರುವುದುಂಟು, ಅದು ಸರಿಯಲ್ಲ. ಉಪನಯನ, ಉಪಾಸನೆ, ಉಪದೇಶ ಮುಂತಾದ ಪದಗಳಲ್ಲಿ ‘ಉಪ’ಕ್ಕೆ ಸಾಮೀಪ್ಯವೇ ಅರ್ಥ. ಪ್ರಧಾನ ವಿಷಯದ ಸಮೀಪದಲ್ಲಿದ್ದು ಅದನ್ನು ಸಾರ್ಥಕಗೊಳಿಸುವುದು ಉಪವಿಷಯ.

ವ್ಯಾಕರಣದ ಒಂದು ದೃಷ್ಟಾಂತದಿಂದ ಇದು ಸ್ಪಷ್ಟವಾದೀತು. ‘ಹಾರ’ ಎಂಬ ರೂಪದ ಹಿಂದೆ ‘ಆ’ ಎಂಬ ಉಪಸರ್ಗ ಬಂದರೆ ‘ಆಹಾರ’ವಾಗುತ್ತದೆ, ‘ವಿ’ ಬಂದರೆ ‘ವಿಹಾರ’, ‘ಪ್ರ’ ಬಂದರೆ ಹೊಡೆತವೆಂಬ ಅರ್ಥದ ‘ಪ್ರಹಾರ’, ‘ಸಂ’ ಬಂದರೆ ‘ಸಂಹಾರ’, ‘ಪರಿ’ ಬಂದರೆ ‘ಪರಿಹಾರ’. ಧಾತು ಒಂದೇ, ಉಪಸರ್ಗ ಒಂದೆರಡು ಅಕ್ಷರ ಮಾತ್ರ. ಆದರೂ ಅರ್ಥದ ದಿಕ್ಕನ್ನು ನಿರ್ಧರಿಸುವುದು ಅದೇ. ಸಮಾಜಕಾರ್ಯವನ್ನೋ ಸಮಾಜಶಾಸ್ತ್ರವನ್ನೋ ಪ್ರಧಾನವಾಗಿ ಓದಿದ ಇಬ್ಬರು ವಿದ್ಯಾರ್ಥಿಗಳಲ್ಲಿ ಒಬ್ಬನು ಮನಶ್ಶಾಸ್ತ್ರವನ್ನೂ ಇನ್ನೊಬ್ಬನು ಅರ್ಥಶಾಸ್ತ್ರವನ್ನೂ ಜೊತೆಗೆ ಓದಿದರೆ, ಹತ್ತು ವರ್ಷಗಳ ಅನಂತರ ಅವರಿಬ್ಬರೂ ನಿಂತಿರುವ ಸ್ಥಾನಗಳು ಬೇರೆಬೇರೆಯಾಗಿರುವುದು ಸಹಜ.

ಅಳತೆಯ ದೃಷ್ಟಿಯಿಂದಲೂ ಉಪವಿಷಯ ಅಲ್ಪವಾದುದಲ್ಲ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ೨೦೨೨ರಲ್ಲಿ ಪ್ರಕಟಿಸಿದ ಪದವಿ ಪಠ್ಯಕ್ರಮದ ಚೌಕಟ್ಟಿನಲ್ಲಿ ಮೂರು ವರ್ಷಗಳ ಪದವಿಗೆ ಕನಿಷ್ಠ ೧೨೦ ಕ್ರೆಡಿಟ್‌ಗಳು. ಅವುಗಳಲ್ಲಿ ಪ್ರಧಾನ ವಿಷಯಕ್ಕೆ ೬೦, ಉಪವಿಷಯಕ್ಕೆ ೨೪. ಅಂದರೆ ಒಟ್ಟು ವಿದ್ಯಾಭ್ಯಾಸದ ಐದನೆಯ ಒಂದು ಪಾಲು ಉಪವಿಷಯದ್ದು. ಉಪನ್ಯಾಸದ ಒಂದು ಕ್ರೆಡಿಟ್ಟಿಗೆ ಹದಿನೈದು ಗಂಟೆಗಳ ಬೋಧನೆಯೆಂಬ ಲೆಕ್ಕದಲ್ಲಿ ಇದು ೩೬೦ ಗಂಟೆಗಳಾಗುತ್ತದೆ. ಕರ್ನಾಟಕದಲ್ಲಿ ೨೦೨೧-೨೨ರಲ್ಲಿ ಹೊಸ ಶಿಕ್ಷಣ ನೀತಿಯಂತೆ ನಾಲ್ಕು ವರ್ಷಗಳ ಪದವಿ ಪದ್ಧತಿ ಜಾರಿಗೆ ಬಂದು, ೨೦೨೪-೨೫ರಲ್ಲಿ ರಾಜ್ಯವು ಮತ್ತೆ ಮೂರು ವರ್ಷಗಳ ಪದ್ಧತಿಗೆ ಮರಳಿತು. ಐಚ್ಛಿಕ ವಿಷಯವೆನ್ನಲಿ, ಜೋಡಿ ವಿಷಯವೆನ್ನಲಿ, ಮೈನರ್ ಎನ್ನಲಿ, ಹೆಸರು ಬದಲಾದರೂ ವಿದ್ಯಾರ್ಥಿಯ ಮುಂದಿನ ಪ್ರಶ್ನೆ ಬದಲಾಗಿಲ್ಲ: ತನ್ನ ಮುಖ್ಯ ವಿದ್ಯೆಗೆ ಯಾವ ವಿದ್ಯೆಯನ್ನು ಜೊತೆಗೂಡಿಸಬೇಕು?

೨. ಸೇವೆಯು ವೃತ್ತಿಯಾದ ಬಗೆ

ದೀನರಿಗೆ ನೆರವಾಗುವುದು ಎಲ್ಲ ಕಾಲದಲ್ಲಿಯೂ ಇದ್ದ ಧರ್ಮ. ಅದಕ್ಕೆ ಶಿಕ್ಷಣ ಬೇಕು, ಶಾಸ್ತ್ರ ಬೇಕು ಎಂಬ ಅರಿವು ಇತ್ತೀಚಿನದು. ಅಮೆರಿಕದ ನ್ಯೂಯಾರ್ಕಿನಲ್ಲಿ ೧೮೯೮ರಲ್ಲಿ ಸೇವಾಕಾರ್ಯಕರ್ತರಿಗಾಗಿ ಬೇಸಗೆಯ ತರಬೇತಿ ತರಗತಿ ಆರಂಭವಾಯಿತು. ಮೇರಿ ರಿಚ್ಮಂಡ್ ಎಂಬ ವಿದುಷಿ ೧೯೧೭ರಲ್ಲಿ ‘ಸೋಷಿಯಲ್ ಡಯಾಗ್ನೋಸಿಸ್’ ಎಂಬ ಗ್ರಂಥವನ್ನು ಪ್ರಕಟಿಸಿ, ವೈದ್ಯನು ರೋಗನಿದಾನ ಮಾಡುವಂತೆ ಕಾರ್ಯಕರ್ತನು ಕಷ್ಟದ ನಿದಾನವನ್ನು ಕ್ರಮವಾಗಿ ಮಾಡಬೇಕೆಂಬ ತತ್ತ್ವವನ್ನು ಪ್ರತಿಪಾದಿಸಿದಳು.

ಭಾರತದಲ್ಲಿ ಈ ಶಿಕ್ಷಣಕ್ಕೆ ನಾಂದಿಯಾದುದು ೧೯೩೬ರಲ್ಲಿ, ಮುಂಬಯಿಯ ಸರ್ ದೊರಾಬ್ಜಿ ಟಾಟಾ ಗ್ರಾಜುಯೇಟ್ ಸ್ಕೂಲ್ ಆಫ್ ಸೋಷಿಯಲ್ ವರ್ಕ್ ಎಂಬ ಸಂಸ್ಥೆಯಿಂದ. ಕ್ಲಿಫರ್ಡ್ ಮ್ಯಾನ್‌ಷಾರ್ಟ್ ಅದರ ಮೊದಲ ನಿರ್ದೇಶಕರು. ಮುಂಬಯಿಯ ಕಾರ್ಮಿಕರ ವಾಸಸ್ಥಾನವಾದ ನಾಗಪಾಡಾದಲ್ಲಿ ಅವರು ಮೊದಲೇ ಒಂದು ನೆರೆಹೊರೆ ಕೇಂದ್ರವನ್ನು ನಡೆಸುತ್ತಿದ್ದರು. ೧೯೪೪ರಲ್ಲಿ ಆ ಶಾಲೆಗೆ ಟಾಟಾ ಸಮಾಜವಿಜ್ಞಾನ ಸಂಸ್ಥೆಯೆಂಬ ಹೆಸರಾಯಿತು. ಕನ್ನಡನಾಡಿನಲ್ಲಿ ಮಂಗಳೂರಿನ ರೋಶನಿ ನಿಲಯದಲ್ಲಿ ೧೯೬೦ರಲ್ಲಿ ಸಮಾಜಕಾರ್ಯದ ಶಿಕ್ಷಣ ಆರಂಭವಾಯಿತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯವೇ ಮೊದಲಾದ ಕಡೆಗಳಲ್ಲಿ ಸ್ನಾತಕೋತ್ತರ ವಿಭಾಗಗಳು ಬೆಳೆದು ಬಂದವು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಸಮಾಜಕಾರ್ಯದ ಸ್ನಾತಕೋತ್ತರ ತರಗತಿಗೆ ಬಹುತೇಕ ವಿಶ್ವವಿದ್ಯಾನಿಲಯಗಳಲ್ಲಿ ಬೇರೆಬೇರೆ ವಿಷಯಗಳ ಪದವೀಧರರಿಗೂ ಪ್ರವೇಶವಿದೆ. ಇತಿಹಾಸ ಓದಿದವನೂ ಬರಬಹುದು, ವಾಣಿಜ್ಯ ಓದಿದವಳೂ ಬರಬಹುದು. ಇದರಿಂದ ಕೆಲವರು, ಪದವಿಯಲ್ಲಿ ಏನು ಓದಿದರೂ ಒಂದೇ ಎಂದು ಭಾವಿಸುತ್ತಾರೆ. ವಾಸ್ತವವಾಗಿ ಬಾಗಿಲು ಎಲ್ಲರಿಗೂ ತೆರೆದಿರುವುದರಿಂದಲೇ, ಒಳಗೆ ಬರುವವನು ತನ್ನೊಡನೆ ಏನನ್ನು ತರುತ್ತಾನೆಂಬುದು ಹೆಚ್ಚು ಮುಖ್ಯವಾಗುತ್ತದೆ.

೩. ಒಂದು ನಿದರ್ಶನ

ತಾಲ್ಲೂಕೊಂದರ ನಾಡಕಚೇರಿಯ ಬಳಿ ಕುಳಿತ ವೃದ್ಧೆಯೊಬ್ಬಳನ್ನು ಊಹಿಸಿಕೊಳ್ಳಬಹುದು. ಅವಳಿಗೆ ಬರುತ್ತಿದ್ದ ಸಂಧ್ಯಾ ಸುರಕ್ಷಾ ವೇತನದ ಹಣ ನಾಲ್ಕು ತಿಂಗಳಿಂದ ಅವಳ ಕೈಸೇರಿಲ್ಲ. ಹಣ ನಿಂತಿದೆಯೋ, ಬೇರೆಯವರ ಕೈಸೇರುತ್ತಿದೆಯೋ ಅವಳು ಹೇಳಳು. ಬ್ಯಾಂಕಿನ ಪುಸ್ತಕ ಎಲ್ಲಿದೆಯೆಂದರೆ ಮಗನ ಬಳಿ ಇದೆಯೆನ್ನುತ್ತಾಳೆ. ಮಗ ಹೇಗೆಂದರೆ, ಸೆರಗನ್ನು ಬಾಯಿಗೆ ಒತ್ತಿಕೊಂಡು, “ಮಗ ಒಳ್ಳೆಯವನೇ” ಎಂದು ಸುಮ್ಮನಾಗುತ್ತಾಳೆ. ಅವಳನ್ನು ಮಾತನಾಡಿಸಲು ಸೇವಾಸಂಸ್ಥೆಯ ತರುಣ ಕಾರ್ಯಕರ್ತನೊಬ್ಬ ಬಂದಿದ್ದಾನೆ.

ಆ ತರುಣನಿಗೆ ಕರುಣೆ ಮಾತ್ರವಿದ್ದರೆ ಅವನು ಜೇಬಿನಿಂದ ನೂರು ರೂಪಾಯಿ ತೆಗೆದುಕೊಟ್ಟು ಕಣ್ಣೊರಸಿಕೊಳ್ಳುತ್ತಾನೆ. ಮರುವಾರವೂ ವೃದ್ಧೆ ಅಲ್ಲಿಯೇ ಕುಳಿತಿರುತ್ತಾಳೆ.

ಅವನು ಸಾರ್ವಜನಿಕ ಆಡಳಿತವನ್ನು ಓದಿದವನಾಗಿದ್ದರೆ, ಕಡತ ಯಾವ ಮೇಜಿನ ಮೇಲೆ ನಿಂತಿದೆಯೆಂದು ಊಹಿಸಬಲ್ಲ. ಗ್ರಾಮ ಆಡಳಿತಾಧಿಕಾರಿ, ಕಂದಾಯ ನಿರೀಕ್ಷಕ, ತಹಸೀಲ್ದಾರ್ ಇವರಲ್ಲಿ ಯಾರ ಸಹಿ ಯಾವುದಕ್ಕೆ ಬೇಕೆಂಬುದು ಅವನಿಗೆ ತಿಳಿದಿರುತ್ತದೆ. ೨೦೦೫ರ ಮಾಹಿತಿ ಹಕ್ಕು ಕಾಯಿದೆಯೂ ಕಾಲಮಿತಿಯಲ್ಲಿ ಸೇವೆ ದೊರೆಯಬೇಕೆನ್ನುವ ೨೦೧೧ರ ಸಕಾಲ ಕಾಯಿದೆಯೂ ಅವನಿಗೆ ಊರುಗೋಲುಗಳು.

ಕಾನೂನಿನ ಪರಿಚಯವಿದ್ದರೆ, ೨೦೦೭ರ ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕ್ಷೇಮಪಾಲನೆ ಕಾಯಿದೆ ಅವನ ನೆನಪಿಗೆ ಬರುತ್ತದೆ. ಅರವತ್ತು ದಾಟಿದ ತಾಯಿಯು ಮಕ್ಕಳಿಂದ ಪೋಷಣೆಯನ್ನು ಕೋರಿ ಉಪವಿಭಾಗ ಮಟ್ಟದ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ಸಾಮಾನ್ಯವಾಗಿ ೯೦ ದಿನಗಳಲ್ಲಿ ಅದು ಇತ್ಯರ್ಥವಾಗಬೇಕು ಎಂದು ಅದು ಹೇಳುತ್ತದೆ.

ಅರ್ಥಶಾಸ್ತ್ರ ಬಲ್ಲವನು ಮಗನನ್ನು ಕಳ್ಳನೆನ್ನುವ ಮೊದಲು ಮನೆಯ ಸಾಲವನ್ನು ಕುರಿತು ವಿಚಾರಿಸುತ್ತಾನೆ. ಸಾಲದ ಕಂತಿಗೆ ತಾಯಿಯ ವೇತನ ಹೋಗುತ್ತಿದ್ದರೆ, ಒಬ್ಬನನ್ನು ದಂಡಿಸುವುದರಿಂದ ಮನೆಯ ಕಷ್ಟ ತೀರದು.

ಮನಶ್ಶಾಸ್ತ್ರ ಬಲ್ಲವನು ಸೆರಗನ್ನು ಬಾಯಿಗೊತ್ತಿದ ಆ ಕೈಯನ್ನು ಗಮನಿಸುತ್ತಾನೆ. ಅಂಜಿಕೆಯಿರುವವರು ಕಚೇರಿಯ ಬಾಗಿಲಲ್ಲಿ, ನಾಲ್ಕು ಜನರೆದುರು ಸತ್ಯ ನುಡಿಯುವುದಿಲ್ಲವೆಂದು ತಿಳಿದು, ಅವಳನ್ನು ಮರದ ನೆರಳಿಗೆ ಕರೆದೊಯ್ಯುತ್ತಾನೆ.

ಇನ್ನು ಭಾಷೆಯನ್ನು ಶ್ರದ್ಧೆಯಿಂದ ಓದಿದವನು ‘ಒಳ್ಳೆಯವನೇ’ ಎಂಬ ಪದದ ಕೊನೆಯ ಏಕಾರದ ಬಳಿ ನಿಲ್ಲುತ್ತಾನೆ. ವ್ಯಾಕರಣದಲ್ಲಿ ಇದು ಅವಧಾರಣಾರ್ಥಕ, ನಿಶ್ಚಯವನ್ನು ಹೇಳತಕ್ಕದ್ದು. ಆದರೆ ಆಡುಮಾತಿನಲ್ಲಿ, ಮಾತು ಅರ್ಧಕ್ಕೆ ನಿಂತಾಗ, ಅದೇ ಏಕಾರದ ಹಿಂದೆ ‘ಆದರೆ’ ಎಂಬುದೊಂದು ಅಡಗಿರುವುದನ್ನು ಕನ್ನಡಿಗರೆಲ್ಲ ಬಲ್ಲರು. ‘ಮಗ ಒಳ್ಳೆಯವನು’ ಎಂದಿದ್ದರೆ ವಾಕ್ಯ ಮುಗಿಯುತ್ತಿತ್ತು. ‘ಒಳ್ಳೆಯವನೇ’ ಎಂದುದರಿಂದ ಅದು ಮುಗಿದಿಲ್ಲ. ಮುಗಿಯದ ವಾಕ್ಯವನ್ನು ಕೇಳಿಸಿಕೊಂಡವನು ಮುಂದಿನ ಮಾತಿಗೆ ಕಾಯುತ್ತಾನೆ. ಕೇಳಿಸಿಕೊಳ್ಳದವನು ‘ಮಗನಿಂದ ತೊಂದರೆಯಿಲ್ಲ’ ಎಂದು ವರದಿ ಬರೆದು ಕಡತವನ್ನು ಮುಚ್ಚುತ್ತಾನೆ. ಆ ಒಂದು ಅಕ್ಷರದ ಮೇಲೆ ವೃದ್ಧೆಯ ಮುಂದಿನ ದಿನಗಳು ನಿಂತಿವೆ.

ಒಬ್ಬ ಕಾರ್ಯಕರ್ತನಿಗೆ ಇಷ್ಟೂ ವಿದ್ಯೆಗಳಿರಲು ಸಾಧ್ಯವಿಲ್ಲ. ಆದರೆ ಇವುಗಳಲ್ಲಿ ಒಂದನ್ನಾದರೂ ಚೆನ್ನಾಗಿ ಬಲ್ಲವನಿಗೆ ಉಳಿದವು ಇವೆಯೆಂಬುದು ತಿಳಿದಿರುತ್ತದೆ. ಯಾರ ಬಳಿಗೆ ಕಳುಹಿಸಬೇಕೆಂಬುದೂ ಹೊಳೆಯುತ್ತದೆ. ಉಪವಿಷಯದ ಪ್ರಯೋಜನ ಇಷ್ಟರಲ್ಲಿಯೇ ಇದೆ.

೪. ಕ್ಷೇತ್ರಗಳೂ ಅವಕ್ಕೆ ಒದಗುವ ವಿದ್ಯೆಗಳೂ

ಮಕ್ಕಳ ರಕ್ಷಣೆ: ಈ ಕ್ಷೇತ್ರದಲ್ಲಿ ಯಾವ ವಿದ್ಯೆ ಬೇಕೆಂಬುದನ್ನು ಶಾಸನವೇ ಹೇಳಿದೆ. ೨೦೧೫ರ ಬಾಲನ್ಯಾಯ ಕಾಯಿದೆಯಂತೆ ರಚಿತವಾಗುವ ಮಕ್ಕಳ ಕಲ್ಯಾಣ ಸಮಿತಿಯಲ್ಲಿ ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು. ಸದಸ್ಯರ ಅರ್ಹತೆಯನ್ನು ಹೇಳುವಾಗ ಕಾಯಿದೆಯು ಮಕ್ಕಳ ಮನಶ್ಶಾಸ್ತ್ರ, ಮನೋವೈದ್ಯ, ಕಾನೂನು, ಸಮಾಜಕಾರ್ಯ, ಸಮಾಜಶಾಸ್ತ್ರ, ಮಾನವ ವಿಕಾಸ ಮುಂತಾದ ವಿದ್ಯೆಗಳನ್ನು ಹೆಸರಿಸುತ್ತದೆ; ಮಕ್ಕಳ ಕ್ಷೇತ್ರದಲ್ಲಿ ಏಳು ವರ್ಷಗಳ ದುಡಿಮೆಯ ಮಾತನ್ನೂ ಹೇಳುತ್ತದೆ. ಬಾಲನ್ಯಾಯ ಮಂಡಳಿಯಲ್ಲಿ ಮ್ಯಾಜಿಸ್ಟ್ರೇಟರೊಡನೆ ಇಬ್ಬರು ಸಮಾಜಕಾರ್ಯಕರ್ತರು ಕುಳಿತುಕೊಳ್ಳುತ್ತಾರೆ. ಹೀಗಿರುವಲ್ಲಿ ಸಮಾಜಕಾರ್ಯವನ್ನು ಪ್ರಧಾನವಾಗಿ ಓದುವವರು ಮನಶ್ಶಾಸ್ತ್ರವನ್ನಾಗಲಿ, ಗೃಹವಿಜ್ಞಾನದ ಅಂಗವಾದ ಮಾನವ ವಿಕಾಸವನ್ನಾಗಲಿ ಜೊತೆಗೂಡಿಸಿಕೊಳ್ಳುವುದು ಉಚಿತ. ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ದಿಕ್ಕಿನಲ್ಲಿ ಹೋಗುವವರಿಗೂ ಗೃಹವಿಜ್ಞಾನವು ಉಪಯುಕ್ತ. ೧೯೭೫ರ ಅಕ್ಟೋಬರ್ ೨ರಂದು ದೇಶದ ೩೩ ಕಡೆಗಳಲ್ಲಿ ಆ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಮೊದಲು ಆರಿಸಲ್ಪಟ್ಟುದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಪೋಷಣೆ, ಚುಚ್ಚುಮದ್ದು, ಶಾಲಾಪೂರ್ವ ಶಿಕ್ಷಣ ಒಟ್ಟಿಗೆ ನಡೆಯುವ ಅಂಗನವಾಡಿಯಲ್ಲಿ ಆಹಾರಶಾಸ್ತ್ರದ ತಿಳಿವಳಿಕೆ ಪ್ರತಿದಿನವೂ ಬೇಕಾಗುತ್ತದೆ.

ಮಾನಸಿಕ ಆರೋಗ್ಯ: ಬೆಂಗಳೂರಿನ ನಿಮ್ಹಾನ್ಸ್ ೧೯೭೪ರಲ್ಲಿ ಈಗಿನ ರೂಪವನ್ನು ಪಡೆಯಿತು. ೧೯೮೦ರ ದಶಕದಲ್ಲಿ ಆ ಸಂಸ್ಥೆಯವರು ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವು ೧೯೯೬ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಮನೋರೋಗದ ಚಿಕಿತ್ಸೆ ದೊಡ್ಡ ಆಸ್ಪತ್ರೆಯ ಗೋಡೆಗಳೊಳಗೇ ಉಳಿಯಬೇಕಾಗಿಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರದ ಮೂಲಕ ಹಳ್ಳಿಗೂ ತಲುಪಬಹುದೆಂಬುದನ್ನು ಅದು ತೋರಿಸಿಕೊಟ್ಟಿತು. ಈ ದಿಕ್ಕಿಗೆ ಮನಶ್ಶಾಸ್ತ್ರವೇ ಸಹಜವಾದ ಉಪವಿಷಯ. ಆದರೆ ಒಂದು ಎಚ್ಚರಿಕೆ ಅಗತ್ಯ: ಪದವಿಯಲ್ಲಿ ಮನಶ್ಶಾಸ್ತ್ರವನ್ನು ಜೊತೆಯ ವಿಷಯವಾಗಿ ಓದಿದ ಮಾತ್ರಕ್ಕೆ ಯಾರೂ ಚಿಕಿತ್ಸಕರಾಗುವುದಿಲ್ಲ. ೨೦೧೭ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಮನೋವೈದ್ಯಕೀಯ ಸಮಾಜಕಾರ್ಯಕರ್ತನಿಗೆ ಸ್ನಾತಕೋತ್ತರ ಪದವಿಯನ್ನೂ ಅದರ ಮೇಲೆ ವಿಶೇಷ ತರಬೇತಿಯನ್ನೂ ವಿಧಿಸಿದೆ. ಉಪವಿಷಯವು ಇಲ್ಲಿ ಕಲಿಸುವ ಮೊದಲ ಪಾಠ, ತನ್ನ ಅಳವಿಗೆ ಮೀರಿದುದು ಯಾವುದೆಂದು ಗುರುತಿಸಿ ತಜ್ಞರ ಬಳಿಗೆ ಕಳುಹಿಸುವ ವಿವೇಕ.

ಅಂಗವಿಕಲರ ಪುನರ್ವಸತಿ: ೧೯೯೫ರ ಕಾಯಿದೆಯಲ್ಲಿ ಏಳು ಬಗೆಯ ಅಂಗವೈಕಲ್ಯಗಳನ್ನು ಹೇಳಿದ್ದರೆ, ೨೦೧೬ರ ಕಾಯಿದೆಯಲ್ಲಿ ಅವು ಇಪ್ಪತ್ತೊಂದಾದವು. ಶಿಕ್ಷಣಶಾಸ್ತ್ರ, ಮನಶ್ಶಾಸ್ತ್ರ ಇವೆರಡೂ ಇಲ್ಲಿ ಉಪಯುಕ್ತ. ವಿಶೇಷ ಶಿಕ್ಷಕರಾಗಬಯಸುವವರು ೧೯೯೨ರ ಕಾಯಿದೆಯಿಂದ ರೂಪುಗೊಂಡ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ಪಡೆದ ಶಿಕ್ಷಣವನ್ನೇ ಮುಂದೆ ಪಡೆಯಬೇಕಾಗುತ್ತದೆ.

ಸ್ತ್ರೀಯರು ಮತ್ತು ಕುಟುಂಬ: ೧೯೮೪ರ ಕುಟುಂಬ ನ್ಯಾಯಾಲಯಗಳ ಕಾಯಿದೆ ಆಪ್ತಸಮಾಲೋಚಕರಿಗೆ ಅವಕಾಶ ಕಲ್ಪಿಸಿದೆ, ೨೦೦೫ರ ಕೌಟುಂಬಿಕ ದೌರ್ಜನ್ಯದಿಂದ ಸ್ತ್ರೀಯರ ರಕ್ಷಣಾ ಕಾಯಿದೆ ಸಂರಕ್ಷಣಾಧಿಕಾರಿಯ ಹುದ್ದೆಯನ್ನು ನಿರ್ಮಿಸಿದೆ. ನಡೆದ ಘಟನೆಯ ವರದಿಯನ್ನು ಕ್ರಮವಾಗಿ ಬರೆಯುವುದು ಆ ಅಧಿಕಾರಿಯ ಮುಖ್ಯ ಕರ್ತವ್ಯಗಳಲ್ಲೊಂದು. ಕಲಾ ಕಾಲೇಜುಗಳಲ್ಲಿ ಕಾನೂನು ಉಪವಿಷಯವಾಗಿ ದೊರೆಯುವುದು ವಿರಳವಾದುದರಿಂದ ರಾಜ್ಯಶಾಸ್ತ್ರವನ್ನೋ ಮಹಿಳಾ ಅಧ್ಯಯನವನ್ನೋ ಆರಿಸಿಕೊಂಡು ಕಾನೂನನ್ನು ಮುಂದೆ ಪ್ರತ್ಯೇಕವಾಗಿ ಓದಬಹುದು.

ಕಾರ್ಮಿಕರು ಮತ್ತು ಗ್ರಾಮಾಭಿವೃದ್ಧಿ: ೧೯೪೮ರ ಕಾರ್ಖಾನೆಗಳ ಕಾಯಿದೆಯು ಐನೂರು ಮತ್ತು ಅದಕ್ಕೂ ಹೆಚ್ಚು ಕಾರ್ಮಿಕರಿರುವಲ್ಲಿ ಕಲ್ಯಾಣಾಧಿಕಾರಿಯಿರಬೇಕೆಂದು ವಿಧಿಸಿತ್ತು, ೨೦೨೦ರ ಸಂಹಿತೆಯು ಆ ಸಂಖ್ಯೆಯನ್ನು ಇನ್ನೂರೈವತ್ತಕ್ಕೆ ಇಳಿಸಿತು. ಕರ್ನಾಟಕದಲ್ಲಿ ೨೦೦೦-೨೦೦೧ರಲ್ಲಿ ಆರಂಭವಾದ ಸ್ತ್ರೀಶಕ್ತಿ ಯೋಜನೆಯು ಹಳ್ಳಿಗಳಲ್ಲಿ ಉಳಿತಾಯದ ಗುಂಪುಗಳನ್ನು ಬೆಳೆಸಿತು. ಇಂಥ ಗುಂಪುಗಳು ಒಡೆಯುವುದು ಬಹುಮಟ್ಟಿಗೆ ಲೆಕ್ಕದ ಗೊಂದಲದಿಂದ. ಅರ್ಥಶಾಸ್ತ್ರ, ವಾಣಿಜ್ಯ, ಸಂಖ್ಯಾಶಾಸ್ತ್ರಗಳನ್ನು ಬಲ್ಲ ಕಾರ್ಯಕರ್ತನು ಲೆಕ್ಕದ ಪುಸ್ತಕವನ್ನು ಸರಿಪಡಿಸುವುದರ ಮೂಲಕವೇ ಮನಸ್ಸುಗಳನ್ನು ಸರಿಪಡಿಸಬಲ್ಲ.

೫. ಭಾಷೆಯೂ ಒಂದು ಉಪವಿಷಯ

ಸೇವಾವೃತ್ತಿಗೆ ಒದಗುವ ವಿಷಯಗಳನ್ನು ಎಣಿಸುವಾಗ ಕನ್ನಡ ಸಾಹಿತ್ಯದ ಹೆಸರು ಸಾಮಾನ್ಯವಾಗಿ ಬರುವುದಿಲ್ಲ. ಅದು ಅಧ್ಯಾಪಕರಿಗೂ ಪತ್ರಕರ್ತರಿಗೂ ಮೀಸಲಾದುದೆಂಬ ಭಾವನೆಯೇ ಇದಕ್ಕೆ ಕಾರಣ. ಈ ಭಾವನೆ ಪುನರ್ವಿಮರ್ಶೆಗೆ ಅರ್ಹವಾಗಿದೆ.

ಮಾನವಸೇವಾ ವೃತ್ತಿಯಲ್ಲಿ ಉಪಕರಣಗಳು ಎರಡೇ: ಕೇಳುವ ಕಿವಿ, ಬರೆಯುವ ಕೈ. ವೈದ್ಯನಿಗೆ ಯಂತ್ರಗಳಿವೆ, ಇಂಜಿನಿಯರನಿಗೆ ಅಳತೆಗೋಲಿದೆ. ಸಮಾಜಕಾರ್ಯಕರ್ತನಿಗೆ ಇರುವುದು ಮಾತು. ಬೀದರಿನ ಕನ್ನಡ ಬೇರೆ, ಕುಂದಾಪುರದ ಕನ್ನಡ ಬೇರೆ, ಚಾಮರಾಜನಗರದ ಕನ್ನಡ ಬೇರೆ. ಒಂದು ಸೀಮೆಯಲ್ಲಿ ಆದರದ ಮಾತು ಇನ್ನೊಂದು ಸೀಮೆಯಲ್ಲಿ ಒರಟಾಗಿ ಕೇಳಬಹುದು. ತುಳು, ಕೊಂಕಣಿ, ಕೊಡವ, ಬ್ಯಾರಿ, ಉರ್ದು, ಲಂಬಾಣಿ, ತೆಲುಗು, ಮರಾಠಿ ಮನೆಮಾತಾಗಿರುವವರು ದುಃಖವನ್ನು ತಮ್ಮ ಮನೆಮಾತಿನಲ್ಲಿಯೇ ಹೇಳಿಕೊಳ್ಳುತ್ತಾರೆ. ಆದುದರಿಂದ ಕೆಲಸ ಮಾಡಬೇಕೆಂದಿರುವ ಪ್ರದೇಶದ ಇನ್ನೊಂದು ಭಾಷೆಯನ್ನು ಕಲಿಯುವುದು ಕನ್ನಡದ ವಿದ್ಯಾರ್ಥಿಗೂ ಕರ್ತವ್ಯವೇ.

ವರದಿಯ ವಿಷಯವೂ ಹಾಗೆಯೇ. ಒಬ್ಬ ಬಾಲಕನ ಸಾಮಾಜಿಕ ತನಿಖಾ ವರದಿ ಬಾಲನ್ಯಾಯ ಮಂಡಳಿಯ ಮುಂದೆ ಹೋಗುತ್ತದೆ. ‘ಬಾಲಕನು ಮನೆ ಬಿಟ್ಟು ಓಡಿಹೋದನು’ ಎನ್ನುವುದಕ್ಕೂ ‘ಬಾಲಕನು ಮನೆಯಿಂದ ಹೊರಹಾಕಲ್ಪಟ್ಟನು’ ಎನ್ನುವುದಕ್ಕೂ ವ್ಯಾಕರಣದಲ್ಲಿ ಕರ್ತರಿ ಕರ್ಮಣಿಗಳ ವ್ಯತ್ಯಾಸ. ಬಾಲಕನ ಬಾಳಿನಲ್ಲಿ ಅದು ಹಗಲಿರುಳಿನ ವ್ಯತ್ಯಾಸ. ಕಂಡುದನ್ನು, ಕೇಳಿದುದನ್ನು, ಊಹಿಸಿದುದನ್ನು ಬೇರೆಬೇರೆಯಾಗಿ ಬರೆಯುವ ಶಿಸ್ತು ಭಾಷಾಭ್ಯಾಸದಿಂದಲ್ಲದೆ ಬೇರೆಲ್ಲಿಂದಲೂ ಸುಲಭವಾಗಿ ಬಾರದು.

ಹಾಗೆಂದು ಕನ್ನಡವೊಂದೇ ಸಾಕೆನ್ನುವುದು ಅತಿಮಾತಾದೀತು. ಸಾಹಿತ್ಯ ಓದಿದವರೆಲ್ಲ ಸಹೃದಯರಾಗಿಬಿಡುತ್ತಾರೆಂಬ ಭರವಸೆಯೂ ಇಲ್ಲ. ಕಾವ್ಯದಲ್ಲಿ ಬರುವ ದುಃಖಕ್ಕೆ ಕಣ್ಣೀರಿಟ್ಟು ಬಾಗಿಲಿಗೆ ಬಂದ ದುಃಖಿಯನ್ನು ಗದರಿಸಿ ಕಳುಹಿಸುವವರೂ ಇದ್ದಾರೆ. ಮಾತಿನ ಮರ್ಮವನ್ನು ಅರಿಯುವ ಅಭ್ಯಾಸವನ್ನು ಕಲ್ಪಿಸುವಷ್ಟೇ ವಿದ್ಯೆಯ ಕೆಲಸ. ಅದನ್ನು ಬಳಸುವುದು ಅವರವರ ಸಂಸ್ಕಾರಕ್ಕೆ ಸೇರಿದುದು.

೬. ಆಯ್ಕೆಯ ಕ್ರಮ

ಉಪವಿಷಯವನ್ನು ಆರಿಸುವ ಮುನ್ನ ವಿದ್ಯಾರ್ಥಿಯು ಈ ಐದು ಪ್ರಶ್ನೆಗಳಿಗೆ ಉತ್ತರವನ್ನು ಕಾಗದದ ಮೇಲೆ ಬರೆಯುವುದು ಒಳ್ಳೆಯದು.

ಒಂದು: ತಾನು ಯಾರ ಸಮೀಪದಲ್ಲಿರಲು ಬಯಸುವುದು? ಮಕ್ಕಳೇ, ವೃದ್ಧರೇ, ರೋಗಿಗಳೇ, ಕಾರ್ಮಿಕರೇ? ‘ಸಮಾಜಸೇವೆ ಮಾಡುತ್ತೇನೆ’ ಎಂಬ ಸಾಮಾನ್ಯ ಉತ್ತರದಿಂದ ಆಯ್ಕೆ ಸಾಗದು.

ಎರಡು: ತನ್ನ ಪ್ರಧಾನ ವಿಷಯ ಏನನ್ನು ಕಲಿಸುವುದಿಲ್ಲ? ಸಮಾಜಶಾಸ್ತ್ರವನ್ನು ಪ್ರಧಾನವಾಗಿ ಓದುವವನು ಅದಕ್ಕೆ ತೀರ ಹತ್ತಿರದ ವಿಷಯವನ್ನೇ ಜೊತೆಗೆ ಇಟ್ಟುಕೊಂಡರೆ ಪರೀಕ್ಷೆ ಸುಲಭವಾದೀತು, ತಿಳಿವಳಿಕೆ ಬೆಳೆಯದು. ಉಪ್ಪಿಗಿಂತ ರುಚಿಯಿಲ್ಲವೆಂಬ ಗಾದೆ ನಿಜವಾದರೂ ಉಪ್ಪಿಗೆ ಉಪ್ಪನ್ನೇ ಬೆರೆಸಿ ಯಾರೂ ಊಟ ಮಾಡುವುದಿಲ್ಲ.

ಮೂರು: ಮುಂದಿನ ಓದಿಗೆ ಅದು ಬಾಗಿಲು ತೆರೆಯುವುದೇ? ಮನಶ್ಶಾಸ್ತ್ರದಂಥ ಕೆಲವು ವಿಷಯಗಳ ಸ್ನಾತಕೋತ್ತರ ಪ್ರವೇಶಕ್ಕೆ ಪದವಿಯಲ್ಲಿ ಅದೇ ವಿಷಯವನ್ನು ಓದಿರಬೇಕೆಂಬ ನಿಯಮ ಅನೇಕ ವಿಶ್ವವಿದ್ಯಾನಿಲಯಗಳಲ್ಲಿದೆ. ಇದನ್ನು ಪದವಿ ಮುಗಿದ ಮೇಲೆ ತಿಳಿದುಕೊಂಡು ಪ್ರಯೋಜನವಿಲ್ಲ.

ನಾಲ್ಕು: ಜೀವನೋಪಾಯಕ್ಕೆ ಎರಡನೆಯ ದಾರಿಯನ್ನು ಅದು ಉಳಿಸುವುದೇ? ಈ ವೃತ್ತಿಯಲ್ಲಿ ವೇತನ ಬಹುಕಡೆ ಅಲ್ಪ; ಗುತ್ತಿಗೆಯ ನೇಮಕಗಳು ಹೆಚ್ಚು; ಯೋಜನೆ ಮುಗಿದೊಡನೆ ಹುದ್ದೆಯೂ ಮುಗಿಯುವುದುಂಟು. ಬಡಕುಟುಂಬದಿಂದ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವನಿಗೆ ಈ ಮಾತನ್ನು ಮರೆಮಾಚುವುದು ಅನ್ಯಾಯ. ಶಾಲೆಗಳಲ್ಲಿ ಬೋಧಿಸುವ ವಿಷಯವೊಂದು ಜೊತೆಗಿದ್ದರೆ, ಆಯಾ ಕಾಲದ ನಿಯಮಗಳಿಗೆ ಒಳಪಟ್ಟು, ಶಿಕ್ಷಕ ವೃತ್ತಿಯ ದಾರಿಯೂ ಉಳಿಯುತ್ತದೆ. ಹೀಗೆ ಯೋಚಿಸುವುದು ಸ್ವಾರ್ಥವಲ್ಲ. ಮನೆಯ ಒಲೆ ಉರಿದರೆ ತಾನೆ ಪರರ ಚಳಿ ಕಾಯುವುದು.

ಐದು: ಅದರಲ್ಲಿ ತನಗೆ ಅಭಿರುಚಿಯಿದೆಯೇ? ಅರುಚಿಯಿಂದ ಓದಿದ ಅತ್ಯುಪಯುಕ್ತ ವಿಷಯಕ್ಕಿಂತ ಪ್ರೀತಿಯಿಂದ ಓದಿದ ಸಾಧಾರಣ ವಿಷಯ ಹೆಚ್ಚು ಫಲ ಕೊಡುತ್ತದೆ.

ಅನೇಕ ಗ್ರಾಮಾಂತರ ಕಾಲೇಜುಗಳಲ್ಲಿ ಆಯ್ಕೆಯ ಮಾತೇ ಇರುವುದಿಲ್ಲ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಎಂಬ ಒಂದೆರಡು ಸಿದ್ಧ ಜೋಡಣೆಗಳಲ್ಲಿ ಒಂದನ್ನು ಸ್ವೀಕರಿಸಬೇಕಾಗುತ್ತದೆ. ಅಂಥ ವಿದ್ಯಾರ್ಥಿ ನಿರಾಶನಾಗಬೇಕಾಗಿಲ್ಲ. ರಾಜ್ಯಶಾಸ್ತ್ರದಲ್ಲಿ ಪಂಚಾಯತಿಯ ಪಾಠವನ್ನು ಓದಿದವನು ತನ್ನೂರಿನ ಗ್ರಾಮಸಭೆಗೆ ಹೋಗಿ ಕುಳಿತರೆ ಅದೇ ಸಾರ್ವಜನಿಕ ಆಡಳಿತದ ಅಭ್ಯಾಸವಾಗುತ್ತದೆ. ೧೯೬೯ರಲ್ಲಿ ಗಾಂಧೀಜಿಯವರ ಜನ್ಮಶತಾಬ್ದಿಯ ಸಂದರ್ಭದಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯಲ್ಲಿ ಎರಡು ವರ್ಷಗಳಿಗೆ ೨೪೦ ಗಂಟೆಗಳ ಸೇವೆಯ ನಿಯಮವಿದೆ. ಅದನ್ನು ಪ್ರಮಾಣಪತ್ರಕ್ಕಾಗಿ ಕಳೆಯದೆ, ತನ್ನ ಮನಸ್ಸು ಈ ಕೆಲಸಕ್ಕೆ ಒಗ್ಗುವುದೋ ಇಲ್ಲವೋ ಎಂಬುದರ ಪರೀಕ್ಷೆಯಾಗಿ ಬಳಸಿಕೊಳ್ಳಬಹುದು. ೧೯೮೫ರಲ್ಲಿ ಸ್ಥಾಪಿತವಾದ ಇಂದಿರಾಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ, ೧೯೯೬ರಲ್ಲಿ ಸ್ಥಾಪಿತವಾದ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಇವು ದುಡಿಯುತ್ತ ಓದುವವರಿಗೂ ದಾರಿ ಮಾಡಿಕೊಟ್ಟಿವೆ.

೭. ಹಿರಿಯರ ಹೊಣೆ

ಹದಿನೆಂಟು ವರ್ಷದ ಬಾಲಕ ಬಾಲಕಿಯರು ಈ ಎಲ್ಲವನ್ನೂ ತಾವೇ ವಿಚಾರ ಮಾಡಿ ನಿರ್ಣಯಿಸಲೆಂದು ನಿರೀಕ್ಷಿಸುವುದು ಯುಕ್ತವಲ್ಲ. ಪ್ರೌಢಶಾಲೆಯ, ಪದವಿಪೂರ್ವ ಕಾಲೇಜಿನ ಅಧ್ಯಾಪಕರು ಫಲಿತಾಂಶಕ್ಕೆ ಮೊದಲೇ, ಪರೀಕ್ಷೆಯ ಆತಂಕವಿಲ್ಲದ ಒಂದು ಮಧ್ಯಾಹ್ನವನ್ನು ಈ ಸಮಾಲೋಚನೆಗೆ ಮೀಸಲಿಡಬಹುದು. ಶಾಲೆಯಿಂದ ಹೊರಹೋಗಿ ಆಸ್ಪತ್ರೆ, ನ್ಯಾಯಾಲಯ, ಸೇವಾಸಂಸ್ಥೆ, ಕಾರ್ಖಾನೆಗಳಲ್ಲಿ ದುಡಿಯುತ್ತಿರುವ ಹಳೆಯ ವಿದ್ಯಾರ್ಥಿಗಳು ಕಿರಿಯರನ್ನು ಒಂದು ದಿನ ತಮ್ಮ ಜೊತೆಗೆ ಇರಿಸಿಕೊಂಡರೆ, ಹತ್ತು ಉಪನ್ಯಾಸಗಳಿಂದ ಆಗದ ತಿಳಿವು ಆ ಒಂದು ದಿನದಲ್ಲಿ ಆಗುತ್ತದೆ. ದಾನಿಗಳು ಕಟ್ಟಡಕ್ಕೆ ಕೊಡುವ ಕಲ್ಲು ಕಾಣುತ್ತದೆ. ಕ್ಷೇತ್ರಕಾರ್ಯಕ್ಕೆ ಹೋಗುವ ಬಡ ವಿದ್ಯಾರ್ಥಿಯ ಬಸ್ಸಿನ ಖರ್ಚಿಗೆ ಕೊಟ್ಟ ಹಣ ಕಾಣುವುದಿಲ್ಲ. ಆದರೆ ಅದು ಹಳ್ಳಿಯ ಯಾವುದೋ ಮನೆಯ ಬಾಗಿಲನ್ನು ಖಂಡಿತವಾಗಿ ಮುಟ್ಟಿರುತ್ತದೆ.

ಉಪಸಂಹಾರ

ಸೇವೆಯೆಂದರೆ ಸಮೀಪದಲ್ಲಿರುವುದು, ಉಪವೆಂದರೂ ಸಮೀಪವೇ. ಈ ಎರಡು ಪದಗಳೂ ಒಂದೇ ಕಡೆಗೆ ಬೆರಳು ತೋರುತ್ತಿರುವುದು ಆಕಸ್ಮಿಕವಾಗಿದ್ದರೂ ಅರ್ಥಪೂರ್ಣವಾಗಿದೆ. ಪ್ರಧಾನ ವಿಷಯವು ವಿದ್ಯಾರ್ಥಿಗೆ ವೃತ್ತಿಯ ಹೆಸರನ್ನು ಕೊಡುತ್ತದೆ. ಉಪವಿಷಯವು ಅವನನ್ನು ಮನುಷ್ಯರ ಹತ್ತಿರಕ್ಕೆ ಒಂದು ಹೆಜ್ಜೆ ಮುಂದೆ ಕರೆದೊಯ್ಯುತ್ತದೆ. ಮುಂದಿನ ವರ್ಷ ಕಾಲೇಜಿನ ಕಿಟಕಿಯ ಮುಂದೆ ನಿಲ್ಲುವ ತರುಣನು ಎರಡನೆಯ ಅಂಕಣವನ್ನು ತುಂಬುವ ಮುನ್ನ ಪಕ್ಕದವನ ಅರ್ಜಿಯನ್ನು ನೋಡದೆ, ನಾಡಕಚೇರಿಯ ಬಳಿ ಕುಳಿತ ಆ ವೃದ್ಧೆಯನ್ನು ಒಮ್ಮೆ ನೆನೆದರೆ ಸಾಕು. ಅವಳ ಮಾತು ಇನ್ನೂ ಮುಗಿದಿಲ್ಲ. ಅದನ್ನು ಪೂರ್ತಿಯಾಗಿ ಕೇಳಬಲ್ಲವನು ಬರಲೆಂದು ಅವಳು ಕಾದಿದ್ದಾಳೆ.